ಮೊಟ್ಟೆಯ ತಪ್ಪೋ, ಪೆಟ್ಟಿಗೆಯ ತಪ್ಪೋ?

ಕಾಫಿಯ ಬಿಳಿ ಕಾಂಡಕೊರಕ, ಅಡಿಕೆಯ ಕೊಳೆರೋಗ, ಬೋರ್ಡೋ ದ್ರಾವಣ, ಸುಣ್ಣದ ಲೆಕ್ಕ, ಇವುಗಳ ಬಗ್ಗೆ ಬರೆಯುವುದು ಈ ವಾರ್ತಾಪತ್ರದ ವಾಡಿಕೆ. ಈ ಸಂಚಿಕೆಯಲ್ಲಿ ಕೋಳಿಮೊಟ್ಟೆಯ ವಿಚಾರವನ್ನು ಎತ್ತಿಕೊಂಡದ್ದಕ್ಕೆ ಸದಸ್ಯ ಬಾಂಧವರು ಹುಬ್ಬೇರಿಸಬಾರದೆಂದು ವಿನಂತಿ. ಎರಡು ಮೂರು ಎಕರೆ ತೋಟದವರ ಮನೆಯಲ್ಲಿ ಹಿತ್ತಲ ಕೋಳಿ ಎಂದರೆ ಬರೀ ನೆಂಟರಿಗೆ ಸಾರು ಮಾಡುವ ಸಾಮಗ್ರಿಯಲ್ಲ. ಕಾಫಿಯ ಬೆಲೆ ಇಳಿದ ವರ್ಷ, ಅಡಿಕೆ ಉದುರಿದ ವರ್ಷ, ಮನೆಯ ಉಪ್ಪು ಎಣ್ಣೆಯ ಖರ್ಚನ್ನು ಗೃಹಿಣಿಯರು ಈ ಕೋಳಿಗಳಿಂದಲೇ ಸರಿದೂಗಿಸಿದ್ದನ್ನು ನಾವೆಲ್ಲ ಬಲ್ಲೆವು.

ಈಚಿನ ವರ್ಷಗಳಲ್ಲಿ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ, ಅಂದರೆ ಇನ್‌ಕ್ಯುಬೇಟರ್, ಅನೇಕ ಮನೆಗಳಿಗೆ ಬಂದಿದೆ. ಕೆಲವರು ಕೊಂಡು ತಂದಿದ್ದಾರೆ, ಕೆಲವರು ತಾವೇ ಮಾಡಿಕೊಂಡಿದ್ದಾರೆ. ಸಂಘದ ಕಚೇರಿಗೆ ಗೊಬ್ಬರಕ್ಕೆಂದು ಬಂದವರು ಹೊರಡುವಾಗ ಬಾಗಿಲ ಬಳಿ ನಿಂತು, "ಮೂವತ್ತು ಮೊಟ್ಟೆ ಇಟ್ಟೆವು, ಆರೇ ಮರಿ ಬಂದವು, ಏನು ಕಾರಣ?" ಎಂದು ಕೇಳುವುದು ಹೆಚ್ಚಾಗಿದೆ. ಬಾಗಿಲ ಬಳಿ ನಿಂತು ಹೇಳಿ ಮುಗಿಸುವ ಉತ್ತರ ಇದಲ್ಲವಾದ್ದರಿಂದ, ನಾವು ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಹಿಡಿದುಕೊಂಡು ಇಲ್ಲಿ ವಿವರಿಸುತ್ತೇವೆ.

ಕಾಡುಗೋಡಿಯ ಪೆಟ್ಟಿಗೆ

ನಮ್ಮ ಸದಸ್ಯರ ಮನೆಗಳಲ್ಲಿ ಒಂದು ಕಾಲನ್ನು ಬೆಂಗಳೂರಿನಲ್ಲಿ ಇಡದ ಮನೆ ಈಗ ಕಡಿಮೆ. ಮಕ್ಕಳು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಎಂದು ಹಂಚಿಹೋಗಿದ್ದಾರೆ. ಮೂರು ಎಕರೆ ಅಡಿಕೆ, ಎರಡು ಎಕರೆ ಕಾಫಿ ಇರುವ ನಮ್ಮ ಹಿರಿಯ ಸದಸ್ಯರೊಬ್ಬರ ಮಗ ವೈಟ್‌ಫೀಲ್ಡಿನ ಕಂಪೆನಿಯಲ್ಲಿ ಎಂಜಿನಿಯರ್. ಕಾಡುಗೋಡಿಯ ಆಚೆ ಸಣ್ಣ ಮನೆ, ಹಿಂದೆ ಒಂದಿಷ್ಟು ಖಾಲಿ ಜಾಗ.

ಒಂದು ಮಳೆಗಾಲದಲ್ಲಿ ಊರಿನ ಮನೆಗೆ ಕೊಕ್ಕರೆ ರೋಗ ಬಂದು ಕೋಳಿಗಳೆಲ್ಲ ಸತ್ತು, ಕೊನೆಗೆ ಆರು ಹೇಂಟೆ, ಒಂದು ವಯಸ್ಸಾದ ಹುಂಜ ಉಳಿದವು. ಆ ಸದಸ್ಯರ ತಾಯಿಯವರ ಕಾಲದಿಂದ ಮನೆಯಲ್ಲೇ ಬೆಳೆದು ಬಂದ ನಾಟಿ ಕೋಳಿಗಳವು. ಹುಂಜ ಸತ್ತರೆ ಆ ಬಳಿ ಅಲ್ಲಿಗೆ ಮುಗಿಯಿತು. ಹೇಂಟೆಗಳನ್ನು ಕಾವಿಗೆ ಕೂರಿಸೋಣವೆಂದರೆ, ಕಾವು ಕೂತ ಕೋಳಿ ಮೂರು ವಾರ ಮೊಟ್ಟೆಯ ಮೇಲೆ, ಆಮೇಲೆ ತಿಂಗಳುಗಟ್ಟಲೆ ಮರಿಯ ಹಿಂದೆ. ಅಷ್ಟು ದಿನ ಅದು ಮೊಟ್ಟೆ ಇಡುವುದಿಲ್ಲ. ಇರುವುದೇ ಆರು. ಆದ್ದರಿಂದ ಹೇಂಟೆಗಳು ಮೊಟ್ಟೆ ಇಡುತ್ತಿರಲಿ, ಪೆಟ್ಟಿಗೆ ಮರಿ ಮಾಡಲಿ ಎಂದು ಅಪ್ಪ ಮಗ ಸೇರಿ ತೀರ್ಮಾನಿಸಿದರು. ಲೆಕ್ಕಾಚಾರ ಸರಿಯಾಗಿಯೇ ಇತ್ತು.

ಮಗ ಥರ್ಮೋಕೋಲ್ ಡಬ್ಬ, ಎರಡು ಬಲ್ಬು, ಕಂಪ್ಯೂಟರಿನ ಒಂದು ಸಣ್ಣ ಫ್ಯಾನು, ತಾಪ ನಿಯಂತ್ರಕ ಎಲ್ಲ ಸೇರಿಸಿ ಅಚ್ಚುಕಟ್ಟಾದ ಪೆಟ್ಟಿಗೆ ಮಾಡಿದ. ಮಾರ್ಚ್ ತಿಂಗಳಲ್ಲಿ ಅಪ್ಪ 48 ಮೊಟ್ಟೆಗಳನ್ನು ಬುಟ್ಟಿಯಲ್ಲಿ ಭತ್ತದ ಹೊಟ್ಟಿನೊಳಗೆ ಇಟ್ಟು ರಾತ್ರಿ ಬಸ್ಸಿನಲ್ಲಿ ತಂದುಕೊಟ್ಟರು. ಬೆಳಿಗ್ಗೆ ಬಸ್ಸು ಇಳಿದ ಮೊಟ್ಟೆ ಒಂಬತ್ತು ಗಂಟೆಗೆ ಪೆಟ್ಟಿಗೆಯೊಳಗಿತ್ತು. 21ನೇ ದಿನ ಏನೂ ಆಗಲಿಲ್ಲ. 22ನೇ ದಿನ ರಾತ್ರಿ ಮತ್ತು 23ನೇ ದಿನ ಸೇರಿ ಒಂಬತ್ತು ಮರಿಗಳು ಬಂದವು. ಉಳಿದ 39 ಹಾಗೆಯೇ ಕುಳಿತಿದ್ದವು.

ಸಂಘದ ಕೆಲಸದ ಮೇಲೆ ಆಗ ನಾವು ಬೆಂಗಳೂರಿನಲ್ಲಿದ್ದೆವು. ಹೋದಾಗ ಫೋನಿನಲ್ಲಿ ಅಪ್ಪ ಮಗನ ವಾದ ನಡೆದಿತ್ತು. "ಅಂಕಲ್, ಪೆಟ್ಟಿಗೆಯ ರೀಡಿಂಗ್ ಇಪ್ಪತ್ತೊಂದು ದಿನವೂ ಮೂವತ್ತೇಳೂವರೆ. ಮೊಟ್ಟೆಯೇ ಸರಿಯಿಲ್ಲ," ಎಂದು ಮಗ. "ಮೊಟ್ಟೆ ಸರಿಯಾಗೇ ಇತ್ತು ಮಾರಾಯ್ರೆ, ಆ ಡಬ್ಬದಲ್ಲೇ ಏನೋ ಎಡವಟ್ಟು," ಎಂದು ಅತ್ತಲಿಂದ ಅಪ್ಪ. ಸೊಸೆ ಮಾತ್ರ ಉಳಿದ ಮೊಟ್ಟೆಗಳನ್ನು ಕಸಕ್ಕೆ ಹಾಕಲು ಚೀಲ ಹಿಡಿದು ನಿಂತಿದ್ದರು. ನಾವು ಆ ಚೀಲವನ್ನು ಪಕ್ಕಕ್ಕಿಡಿಸಿ, "ಸಾಕ್ಷಿಗಳನ್ನು ಎಸೆದುಬಿಟ್ಟರೆ ತೀರ್ಪು ಹೇಗಮ್ಮ ಹೇಳುವುದು? ಒಂದು ಹಳೆಯ ಪೇಪರ್ ಹಾಸಿ," ಎಂದೆವು.

ಮರಿಯಾಗದ ಮೊಟ್ಟೆಯನ್ನು ಒಡೆದು ನೋಡಬೇಕು

ಈ ಲೇಖನದಿಂದ ಸದಸ್ಯರು ಒಂದೇ ಒಂದು ಮಾತನ್ನು ನೆನಪಿಟ್ಟುಕೊಂಡರೆ ಸಾಕು: ಮರಿಯಾಗದ ಮೊಟ್ಟೆಯನ್ನು ಎಸೆಯುವ ಮೊದಲು ಒಡೆದು ನೋಡಬೇಕು. ಒಣಗಿದ ಕಾಫಿ ಗಿಡವನ್ನು ಸೀಳಿ ಕೊರಕದ ಹುಳು ಇದೆಯೋ, ಬೇರು ಕೊಳೆತಿದೆಯೋ ನೋಡುವಂತೆ ಇದು. ವಾಸನೆ ತಡೆಯಲು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಮನೆಯ ಹೊರಗೆ ಮಾಡಿ, ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ದಪ್ಪ ತುದಿಯ ಕಡೆಯಿಂದ ನಿಧಾನವಾಗಿ ಚಿಪ್ಪು ತೆಗೆಯಬೇಕು. ಕೋಳಿಮೊಟ್ಟೆಯೊಳಗೆ ಎರಡನೇ ದಿನಕ್ಕೇ ಹೃದಯ ಮಿಡಿಯತೊಡಗುತ್ತದೆ. ಅಲ್ಲಿಂದ 21ನೇ ದಿನದವರೆಗೆ ಪ್ರತಿ ಹಂತಕ್ಕೂ ಅದರದೇ ರೂಪವಿದೆ. ಯಾವ ಹಂತದಲ್ಲಿ ಬೆಳವಣಿಗೆ ನಿಂತಿತೆಂದು ತಿಳಿದರೆ ಕಾರಣದ ಅರ್ಧ ತಿಳಿದಂತೆ.

ಕಾಡುಗೋಡಿಯ 39 ಮೊಟ್ಟೆಗಳ ಲೆಕ್ಕ ಹೀಗೆ ಬಂದಿತು. ಏನೂ ಬೆಳೆಯದೆ ತಿಳಿಯಾಗಿದ್ದವು 14. ರಕ್ತದ ಉಂಗುರ ಕಂಡವು 6. ನಡುವಿನ ದಿನಗಳಲ್ಲಿ ಸತ್ತವು 3. ಪೂರ್ತಿ ಬೆಳೆದು, ಪುಕ್ಕ ಬಂದು, ಚಿಪ್ಪನ್ನು ಕುಕ್ಕದೆಯೇ ಸತ್ತವು 11. ಚಿಪ್ಪಿಗೆ ತೂತು ಕುಕ್ಕಿ, ಹೊರಬರಲಾರದೆ ಸತ್ತವು 5.

ಈ ಅಂಕಿಗಳನ್ನು ನೋಡಿದ ಕೂಡಲೇ ಒಂದು ಸಂಗತಿ ಸ್ಪಷ್ಟವಾಯಿತು. ಸಾವುಗಳು ಎರಡು ತುದಿಗಳಲ್ಲಿ ಗುಂಪುಗೂಡಿದ್ದವು: ಆರಂಭದಲ್ಲಿ 20, ಕೊನೆಯಲ್ಲಿ 16. ಸರಿಯಾಗಿ ನಡೆದ ಪೆಟ್ಟಿಗೆಯಲ್ಲೂ ಸಾವು ಹೆಚ್ಚಾಗುವುದು ಈ ಎರಡು ಹೊತ್ತಿನಲ್ಲೇ, ಅಂದರೆ ಮೊದಲ ಎರಡರಿಂದ ನಾಲ್ಕು ದಿನ ಮತ್ತು ಕೊನೆಯ ಮೂರು ದಿನ. ಆದರೆ ಇಷ್ಟೊಂದಲ್ಲ. ಆರಂಭದ ಸಾವಿಗೆ ಹೆಚ್ಚಾಗಿ ಮೊಟ್ಟೆಯ ಕಡೆಯ ಕಾರಣ, ಕೊನೆಯ ಸಾವಿಗೆ ಹೆಚ್ಚಾಗಿ ಪೆಟ್ಟಿಗೆಯ ಕಡೆಯ ಕಾರಣ. ಅಪ್ಪನೂ ಸರಿ, ಮಗನೂ ಸರಿ, ಇಬ್ಬರೂ ತಪ್ಪು ಎಂದು ನಾವು ಹೇಳಿದಾಗ ಫೋನಿನ ಎರಡೂ ಕಡೆ ಸ್ವಲ್ಪ ಹೊತ್ತು ಮೌನವಾಯಿತು.

ಆರಂಭದ ದೋಷಗಳು: ಮೊಟ್ಟೆಯ ಕಡೆಯವು

ತಿಳಿಯಾಗಿ ಉಳಿದ ಮೊಟ್ಟೆ ಎರಡು ಬಗೆಯದಿರಬಹುದು. ಒಂದು, ಹುಂಜದ ಸಂಗವಿಲ್ಲದ ಬರಡು ಮೊಟ್ಟೆ. ಇನ್ನೊಂದು, ಫಲಿತವಾಗಿದ್ದೂ ಮೊದಲ ಒಂದೆರಡು ದಿನದಲ್ಲೇ ಸತ್ತದ್ದು. ಮೂರು ವಾರ ಕಾವಿನಲ್ಲಿದ್ದ ಮೇಲೆ ಇವೆರಡನ್ನು ಬೇರೆ ಮಾಡುವುದು ಕಷ್ಟ. ಆದ್ದರಿಂದ ಏಳನೇ ದಿನ ರಾತ್ರಿ ಕತ್ತಲೆ ಕೋಣೆಯಲ್ಲಿ, ರಟ್ಟಿಗೆ ಸಣ್ಣ ತೂತು ಮಾಡಿ ಹಿಂದೆ ಟಾರ್ಚ್ ಹಿಡಿದು, ಮೊಟ್ಟೆಯ ದಪ್ಪ ತುದಿಯನ್ನು ಆ ಬೆಳಕಿಗೆ ಒಡ್ಡಿ ನೋಡಬೇಕು. ಜೇಡರಬಲೆಯಂತೆ ರಕ್ತನಾಳಗಳೂ ನಡುವೆ ಕಪ್ಪು ಚುಕ್ಕೆಯೂ ಕಂಡರೆ ಜೀವವಿದೆ. ಕೆಂಪು ಉಂಗುರ ಮಾತ್ರ ಕಂಡರೆ ಬೆಳೆದು ಸತ್ತಿದೆ. ಏನೂ ಕಾಣದಿದ್ದರೆ ತೆಗೆದು ಅಂದೇ ಒಡೆದು ನೋಡಿ. ಹಳದಿಯ ಮೇಲೆ ಪುಟ್ಟ ಒತ್ತಾದ ಬಿಳಿ ಚುಕ್ಕೆ ಮಾತ್ರ ಇದ್ದರೆ ಬರಡು. ಅದು ಹರಡಿ ಕೆನೆಯಂತೆ ಅಗಲವಾಗಿದ್ದರೆ ಫಲಿತವಾಗಿ ಸತ್ತದ್ದು. ಬರಡು ಹೆಚ್ಚಾದರೆ ಹುಂಜವನ್ನು ವಿಚಾರಿಸಬೇಕು, ಆರಂಭದ ಸಾವು ಹೆಚ್ಚಾದರೆ ಮೊಟ್ಟೆ ಇಟ್ಟ ಬಗೆಯನ್ನು ವಿಚಾರಿಸಬೇಕು.

ಹುಂಜದ ವಿಚಾರ: ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಆದರೆ ಅದು ಪ್ರಾಯದ್ದಾಗಿರಬೇಕು. ಮುದಿ ಹುಂಜ, ಕಾಲು ನೋವಿನ ಹುಂಜ, ವಿಪರೀತ ಕೊಬ್ಬಿದ ಹುಂಜ ಲೆಕ್ಕಕ್ಕಷ್ಟೇ. ಪೇಟೆಯ ಅಂಗಡಿಯ ಫಾರಂ ಮೊಟ್ಟೆಯನ್ನು ಪೆಟ್ಟಿಗೆಗೆ ಇಟ್ಟು ಕಾದವರೂ ನಮ್ಮಲ್ಲಿದ್ದಾರೆ. ಮೊಟ್ಟೆಯ ಫಾರಂಗಳಲ್ಲಿ ಹುಂಜ ಸಾಕುವುದೇ ಇಲ್ಲವಾದ್ದರಿಂದ ಆ ಮೊಟ್ಟೆ ಎಷ್ಟು ಕಾವು ಕೊಟ್ಟರೂ ಮರಿಯಾಗದು.

ಮೊಟ್ಟೆಯ ವಯಸ್ಸು: ಕಾಡುಗೋಡಿಯ ಮುಖ್ಯ ದೋಷ ಇದೇ. ಆರು ಹೇಂಟೆಗಳಿಂದ 48 ಮೊಟ್ಟೆ ಸೇರಿಸಲು ಎಷ್ಟು ದಿನ ಹಿಡಿಯಿತೆಂದು ಅಪ್ಪನನ್ನು ಕೇಳಿದೆವು. "ಹದಿನಾರು ಹದಿನೇಳು ದಿನ ಆಗಿರಬಹುದು. ಅಡಿಗೆಮನೆಯ ನಾಗಂದಿಗೆ ಮೇಲೆ ಜೋಪಾನವಾಗಿಯೇ ಇಟ್ಟಿದ್ದೆ," ಎಂದರು. ಜೋಪಾನವೇನೋ ನಿಜ, ಆದರೆ ಒಲೆಯ ಬಿಸಿ. ಮರಿಗೆ ಇಡುವ ಮೊಟ್ಟೆ ಏಳು ದಿನದೊಳಗಿನದಾಗಿರಬೇಕು. ಅಲ್ಲಿಂದಾಚೆ ದಿನ ಕಳೆದಷ್ಟೂ ಮರಿಯಾಗುವ ಶಕ್ತಿ ಕುಗ್ಗುತ್ತ ಹೋಗುತ್ತದೆ. 15ರಿಂದ 18 ಡಿಗ್ರಿ ಸೆಲ್ಸಿಯಸ್ ತಂಪು ಮೊಟ್ಟೆ ಕೂಡಿಡಲು ಉತ್ತಮ. ಸುಮಾರು 21 ಡಿಗ್ರಿ ಮೀರಿದರೆ ಮೊಟ್ಟೆಯೊಳಗಿನ ಜೀವ ಅರೆಬರೆ ಎಚ್ಚರಗೊಳ್ಳತೊಡಗುತ್ತದೆ. ಪೂರ್ತಿ ಬೆಳೆಯಲು ಬೇಕಾದ ಬಿಸಿಯೂ ಇಲ್ಲ, ನಿದ್ರಿಸಲು ಬೇಕಾದ ತಂಪೂ ಇಲ್ಲ, ಹೀಗೆ ನಡುವೆ ತೊಳಲಾಡಿ ಸಾಯುತ್ತದೆ. ಮನೆಯ ಅತ್ಯಂತ ತಂಪಾದ ಮೂಲೆಯಲ್ಲಿ, ಒದ್ದೆ ಮರಳಿನ ಮೇಲಿಟ್ಟ ಮಡಕೆಯಲ್ಲಿ, ಚೂಪು ತುದಿ ಕೆಳಗಾಗಿ ಇಡುವುದು ನಮ್ಮ ಸದಸ್ಯರಿಗೆ ಸಾಧ್ಯವಿರುವ ವ್ಯವಸ್ಥೆ.

ಪ್ರಯಾಣ: ಘಾಟಿಯ ತಿರುವು, ಹೆದ್ದಾರಿಯ ಉಬ್ಬು ದಾಟಿ ಬಂದ ಮೊಟ್ಟೆಯೊಳಗೆ ಹಳದಿ, ಬಿಳಿ, ಗಾಳಿಕೋಶ ಎಲ್ಲವೂ ಅಲ್ಲಾಡಿರುತ್ತವೆ. ಬಂದ ಮೊಟ್ಟೆಯನ್ನು ದಪ್ಪ ತುದಿ ಮೇಲಾಗಿ ನಿಲ್ಲಿಸಿ 12ರಿಂದ 24 ಗಂಟೆ ವಿಶ್ರಾಂತಿ ಕೊಟ್ಟ ಮೇಲೆಯೇ ಪೆಟ್ಟಿಗೆಗೆ ಇಡಬೇಕು. ಕೂದಲೆಳೆಯಷ್ಟು ಬಿರುಕಿರುವುದನ್ನು ಬೆಳಕಿಗೆ ಹಿಡಿದು ಆರಿಸಿ ತೆಗೆಯಬೇಕು.

ಶುಚಿ: ಹಿಕ್ಕೆ ಮೆತ್ತಿದ ಮೊಟ್ಟೆಯನ್ನು ತಣ್ಣೀರಿನಲ್ಲಿ ತೊಳೆಯುವುದು ಒಳ್ಳೆಯ ಉದ್ದೇಶದ ಕೆಟ್ಟ ಕೆಲಸ. ತಣ್ಣೀರು ತಾಗಿದೊಡನೆ ಒಳಗಿನ ಲೋಳೆ ಕುಗ್ಗಿ, ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ಕೊಳೆನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಸ್ವಲ್ಪ ಕೊಳೆಯಿದ್ದರೆ ಒಣಬಟ್ಟೆಯಿಂದ ಒರೆಸಿ. ಹೆಚ್ಚಿದ್ದರೆ ಅದನ್ನು ಅಡಿಗೆಗೆ ಕೊಡಿ.

ಕೊನೆಯ ದೋಷಗಳು: ಬಿಸಿ

ಈಜಿಪ್ಟ್ ದೇಶದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ಮಣ್ಣಿನ ಒಲೆಮನೆಗಳಲ್ಲಿ ಸಾವಿರಾರು ಮೊಟ್ಟೆಗಳನ್ನು ಮರಿ ಮಾಡಿಸುತ್ತಿದ್ದರು. ಅವರ ಬಳಿ ಉಷ್ಣಮಾಪಕವಿರಲಿಲ್ಲ. ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ಸೋಕಿಸಿ ಬಿಸಿ ಹದವಾಗಿದೆಯೇ ಎಂದು ಹೇಳುತ್ತಿದ್ದರು. ನಮಗೆ ಆ ಅಭ್ಯಾಸವಿಲ್ಲ, ಅಂಕಿಯನ್ನು ನಂಬುತ್ತೇವೆ. ಅಂಕಿಯೇ ಸುಳ್ಳು ಹೇಳಿದರೆ?

ಫ್ಯಾನು ಇರುವ ಪೆಟ್ಟಿಗೆಯಲ್ಲಿ 37.5ರಿಂದ 37.7 ಡಿಗ್ರಿ ಸೆಲ್ಸಿಯಸ್, ಅಂದರೆ 99.5ರಿಂದ ಸುಮಾರು 100 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ಫ್ಯಾನು ಇಲ್ಲದ ಪೆಟ್ಟಿಗೆಯಲ್ಲಿ ಬಿಸಿಗಾಳಿ ಮೇಲೇರಿ ನಿಲ್ಲುವುದರಿಂದ, ಮೊಟ್ಟೆಯ ಮೇಲ್ಮಟ್ಟದಲ್ಲಿ ಅಳೆದಾಗ 38.3ರಿಂದ 38.9 ಡಿಗ್ರಿ (101ರಿಂದ 102 ಫ್ಯಾರನ್‌ಹೀಟ್) ಬೇಕು. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಾಕಿಕೊಂಡು ಕೆಟ್ಟವರು ಅನೇಕರು.

ಬಿಸಿ ಕಡಮೆಯಾದರೆ ಮರಿ ತಡವಾಗಿ ಬರುತ್ತದೆ, ಹೆಚ್ಚಾದರೆ ಬೇಗ ಬರುತ್ತದೆ. 20ನೇ ದಿನವೇ ಬಂದು, ಹೊಕ್ಕುಳು ಸರಿಯಾಗಿ ಮುಚ್ಚದ ಸಣಕಲು ಮರಿಗಳಿದ್ದರೆ ಬಿಸಿ ಹೆಚ್ಚು. 22, 23ನೇ ದಿನಕ್ಕೆ ಎಳೆದರೆ ಬಿಸಿ ಕಡಮೆ, ಇಲ್ಲವೇ ಮೊಟ್ಟೆ ಹಳೆಯದು. ಕಾಡುಗೋಡಿಯ ಒಂಬತ್ತು ಮರಿಗಳೂ ತಡವಾಗಿ ಬಂದದ್ದರಿಂದ ಉಷ್ಣಮಾಪಕದ ಮೇಲೆ ನಮಗೆ ಸಂಶಯ ಬಂದಿತು. ಮನೆಯಲ್ಲಿದ್ದ ಜ್ವರದ ಥರ್ಮಾಮೀಟರ್ ತರಿಸಿ, ಒಂದು ಚೆಂಬು ಉಗುರುಬೆಚ್ಚನೆಯ ನೀರಿನಲ್ಲಿ ಅದರ ತುದಿಯನ್ನೂ, ತೆಳು ಪ್ಲಾಸ್ಟಿಕ್ ಸುತ್ತಿದ ಪೆಟ್ಟಿಗೆಯ ತಾಪಕಡ್ಡಿಯನ್ನೂ ಒಟ್ಟಿಗೆ ಹಿಡಿದೆವು. ಜ್ವರದ ಥರ್ಮಾಮೀಟರ್ 37.5 ತೋರಿಸಿದಾಗ ಪೆಟ್ಟಿಗೆಯದು 38.3 ತೋರಿಸಿತು. ಅಂದರೆ ಪರದೆಯ ಮೇಲೆ 37.5 ಇದ್ದ ಇಪ್ಪತ್ತೊಂದು ದಿನವೂ ಒಳಗೆ ಇದ್ದದ್ದು 36.7 ಮಾತ್ರ. ಎಂಜಿನಿಯರ್ ಮಗ ತಲೆ ಕೆರೆದುಕೊಂಡು, "ಆಫೀಸಿನಲ್ಲಿ ದಿನಾ ಇದನ್ನೇ ಮಾಡುತ್ತೇವೆ, ಇಲ್ಲಿ ಹೊಳೆಯಲೇ ಇಲ್ಲ," ಎಂದ.

ಉಷ್ಣಮಾಪಕವನ್ನು ಕುದಿನೀರಿನಲ್ಲಿಟ್ಟು 100 ಡಿಗ್ರಿಗೆ ಪರೀಕ್ಷಿಸುವವರಿಗೆ ಒಂದು ಎಚ್ಚರಿಕೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ನಮ್ಮ ಗುಡ್ಡದ ತೋಟಗಳಲ್ಲಿ ಇನ್ನೂ ಕಡಮೆ. ಆ ಪರೀಕ್ಷೆ ದಾರಿ ತಪ್ಪಿಸುತ್ತದೆ. ಜ್ವರದ ಥರ್ಮಾಮೀಟರೇ ನಮ್ಮ ಮನೆಗಳಲ್ಲಿ ಸಿಗುವ ನಂಬಿಕೆಯ ಸಾಕ್ಷಿ, ಏಕೆಂದರೆ ನಮಗೆ ಬೇಕಾದ ಬಿಸಿಯ ಸುತ್ತಲೇ ಅದರ ಅಳತೆಯಿದೆ.

ಪೆಟ್ಟಿಗೆಯನ್ನು ಶೀಟು ಮನೆಯೊಳಗೆ, ಬಿಸಿಲು ಬೀಳುವ ಕಿಟಕಿಯ ಬಳಿ ಇಡಬಾರದು. ನಿಯಂತ್ರಕವು ಬಲ್ಬನ್ನು ಆರಿಸಬಲ್ಲದೇ ಹೊರತು ತಂಪು ಮಾಡಲಾರದು. ಕರೆಂಟು ಹೋದರೆ ಗಾಬರಿ ಬೇಡ. ಮುಚ್ಚಳ ತೆರೆಯದೆ ಕಂಬಳಿ ಹೊದಿಸಿ, ಗಾಳಿಕಿಂಡಿ ಮಾತ್ರ ಬಿಡಿ. ಕಾವು ಕೂತ ಹೇಂಟೆಯೂ ದಿನಕ್ಕೊಮ್ಮೆ ಎದ್ದು ಮೇಯಲು ಹೋಗುತ್ತದೆ. ಮೂರು ನಾಲ್ಕು ಗಂಟೆಯ ತಂಪಿನಿಂದ ಮರಿ ತಡವಾಗಬಹುದು, ಸಾಮಾನ್ಯವಾಗಿ ಸಾಯದು. ಆದರೆ 40.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಳೆದರೂ ಅನೇಕ ಮರಿಗಳು ಹೋಗುತ್ತವೆ. ತಂಪಿಗಿಂತ ಬಿಸಿಯೇ ಹೆಚ್ಚು ಅಪಾಯಕಾರಿ.

ತೇವ: ಕಣದ ಕಾಫಿಯ ಪಾಠ

ಕಣದಲ್ಲಿ ಕಾಫಿ ಒಣಗಿಸುವವರಿಗೆ ಈ ಭಾಗ ಸುಲಭವಾಗಿ ಅರ್ಥವಾಗುತ್ತದೆ. ಮೊಟ್ಟೆಯ ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ. ಕಾವಿನ ದಿನಗಳಲ್ಲಿ ಅವುಗಳಿಂದ ನೀರು ಆವಿಯಾಗಿ ಹೋಗುತ್ತ, ದಪ್ಪ ತುದಿಯ ಗಾಳಿಕೋಶ ದೊಡ್ಡದಾಗುತ್ತದೆ. 19, 20ನೇ ದಿನ ಮರಿ ಮೊದಲು ಕೊಕ್ಕು ಚಾಚುವುದು ಈ ಗಾಳಿಕೋಶದೊಳಕ್ಕೆ. ಶ್ವಾಸಕೋಶದ ಮೊದಲ ಉಸಿರು ಅಲ್ಲಿಯದು. ಮೊಟ್ಟೆ ಒಣಗಿದ್ದು ಕಡಮೆಯಾದರೆ ಗಾಳಿಕೋಶ ಚಿಕ್ಕದಾಗಿ, ಮರಿ ಒಳಗಿನ ನೀರಿನಲ್ಲೇ ಉಸಿರುಗಟ್ಟುತ್ತದೆ. ಹೆಚ್ಚಾದರೆ ಒಳಪೊರೆ ಕಾಗದದಂತೆ ಬಿಗಿದು ಮರಿ ಅಂಟಿಕೊಂಡು ಸಾಯುತ್ತದೆ. ಕಾಡುಗೋಡಿಯಲ್ಲಿ ಚಿಪ್ಪು ಕುಕ್ಕಿ ಸತ್ತ ಐದೂ ಹೀಗೆ ಒಣಪೊರೆಗೆ ಅಂಟಿದ್ದವು.

ಮೊದಲ 18 ದಿನ ಶೇಕಡಾ 50ರಿಂದ 55, ಕೊನೆಯ ಮೂರು ದಿನ 65ರಿಂದ 70 ತೇವಾಂಶವಿರಬೇಕು. ತೇವಮಾಪಕ ಇಲ್ಲದವರು ಸಾದಾ ಥರ್ಮಾಮೀಟರಿನ ಬುಡಕ್ಕೆ ಹತ್ತಿಬಟ್ಟೆಯ ಬತ್ತಿ ಸುತ್ತಿ ಅದರ ತುದಿಯನ್ನು ನೀರಿನಲ್ಲಿ ಅದ್ದಿ ಇಟ್ಟರೆ ಸಾಕು. ಪೆಟ್ಟಿಗೆ 37.5 ಇರುವಾಗ ಈ ಒದ್ದೆ ಥರ್ಮಾಮೀಟರ್ ಮೊದಲ 18 ದಿನ 29 ಡಿಗ್ರಿಯ ಆಸುಪಾಸು, ಆಮೇಲೆ 31ರಿಂದ 32 ತೋರಿಸಬೇಕು. ತೇವ ಹೆಚ್ಚಿಸಲು ಪಾತ್ರೆಯಲ್ಲಿ ನೀರನ್ನು ಆಳವಾಗಿ ತುಂಬಿ ಪ್ರಯೋಜನವಿಲ್ಲ. ಆವಿಯಾಗುವುದು ನೀರಿನ ಮೇಲ್ಮೈಯಿಂದ. ಆದ್ದರಿಂದ ಅಗಲವಾದ ತಟ್ಟೆ ಇಡಬೇಕು, ಅಥವಾ ಒದ್ದೆ ಬಟ್ಟೆ ಇಳಿಬಿಡಬೇಕು.

ಎಲ್ಲಕ್ಕಿಂತ ನಂಬಿಕೆಯ ಸಾಧನ ತಕ್ಕಡಿ. ಇಟ್ಟ ದಿನದ ತೂಕದಲ್ಲಿ ಶೇಕಡಾ 12ರಷ್ಟು 18ನೇ ದಿನದ ಹೊತ್ತಿಗೆ ಕಳೆದಿರಬೇಕು. ನಾಟಿ ಕೋಳಿಯ ಹತ್ತು ಮೊಟ್ಟೆ 450 ಗ್ರಾಂ ತೂಗಿದರೆ 18ನೇ ದಿನ 396 ಗ್ರಾಂ ಇರಬೇಕು, ಅಂದರೆ ದಿನಕ್ಕೆ 3 ಗ್ರಾಂ. ಆರನೇ ದಿನ 432, ಹನ್ನೆರಡನೇ ದಿನ 414. ಅದಕ್ಕಿಂತ ಹೆಚ್ಚು ಇಳಿದಿದ್ದರೆ ನೀರಿನ ಅಗಲ ಹೆಚ್ಚಿಸಿ, ಕಡಮೆ ಇಳಿದಿದ್ದರೆ ನೀರು ಕಡಮೆ ಮಾಡಿ. ಕಾಫಿ ಒಣಗಿದೆಯೇ ಎಂದು ಕೈಯಲ್ಲಿ ಮುಟ್ಟಿ ಹೇಳುವವನಿಗಿಂತ ಅಳೆದು ತೂಗಿ ಹೇಳುವವನ ಮಾತು ಗಟ್ಟಿ ಎಂಬುದು ನಮಗೆ ಗೊತ್ತೇ ಇದೆ.

ಹೊರಳಿಸುವುದು, ಗಾಳಿ, ಕೊನೆಯ ಮೂರು ದಿನ

ಹಳದಿ ಲೋಳೆ ಹಗುರವಾದ್ದರಿಂದ ಮೇಲೇರುತ್ತದೆ. ಹೊರಳಿಸದಿದ್ದರೆ ಬೆಳೆಯುವ ಜೀವ ಚಿಪ್ಪಿನ ಪೊರೆಗೆ ಅಂಟಿಕೊಳ್ಳುತ್ತದೆ. ಒಂದು ಪಕ್ಕಕ್ಕೆ ಸೀಸದಕಡ್ಡಿಯಿಂದ ಸೊನ್ನೆ, ಇನ್ನೊಂದು ಪಕ್ಕಕ್ಕೆ ಗುಣಿಸುವ ಗುರುತು ಹಾಕಿ ದಿನಕ್ಕೆ ಮೂರು ಅಥವಾ ಐದು ಸಲ ಹೊರಳಿಸಬೇಕು. ಸಂಖ್ಯೆ ಬೆಸವಾಗಿದ್ದರೆ ರಾತ್ರಿಯ ದೀರ್ಘ ಹೊತ್ತು ಒಂದೇ ಪಕ್ಕ ಮೇಲಾಗುವುದು ತಪ್ಪುತ್ತದೆ. 18ನೇ ದಿನದ ನಂತರ ಹೊರಳಿಸಬಾರದು.

ಮೊಟ್ಟೆ ಉಸಿರಾಡುತ್ತದೆ. ಮರಿ ದೊಡ್ಡದಾದಂತೆ ಅದಕ್ಕೆ ಹೆಚ್ಚು ಗಾಳಿ ಬೇಕು. ಬಿಸಿ ಉಳಿಯಲೆಂದು ಗಾಳಿಕಿಂಡಿ ಮುಚ್ಚುವುದು ಕೊನೆಯ ದಿನಗಳಲ್ಲಿ ಮರಿಯ ಕುತ್ತಿಗೆ ಹಿಚುಕಿದಂತೆಯೇ ಸರಿ.

ಚಿಪ್ಪಿಗೆ ತೂತು ಬಿದ್ದ ಮೇಲೆ ಮರಿ ಹೊರಬರಲು 12ರಿಂದ 24 ಗಂಟೆ ಹಿಡಿಯುವುದುಂಟು. ಆ ಹೊತ್ತಿನಲ್ಲಿ ಮರಿ ಉಳಿದ ಭಂಡಾರವನ್ನು ಹೊಟ್ಟೆಯೊಳಕ್ಕೆ ಎಳೆದುಕೊಂಡು, ರಕ್ತನಾಳಗಳನ್ನು ಬತ್ತಿಸಿಕೊಳ್ಳುತ್ತಿರುತ್ತದೆ. ಮರುಕಪಟ್ಟು ಚಿಪ್ಪು ಸುಲಿದರೆ ರಕ್ತ ಸುರಿದು ಸಾಯುತ್ತದೆ. ಮುಚ್ಚಳವನ್ನು ಪದೇ ಪದೇ ತೆಗೆದರೆ ತೇವವೆಲ್ಲ ಒಮ್ಮೆಲೇ ಹಾರಿಹೋಗಿ ಪೊರೆ ಒಣಗುತ್ತದೆ. ಕಾಡುಗೋಡಿಯಲ್ಲಿ ಮೊದಲ ಮರಿ ಬಂದ ಸಂತೋಷಕ್ಕೆ ಅಕ್ಕಪಕ್ಕದ ಮಕ್ಕಳಿಗೆಲ್ಲ ಮುಚ್ಚಳ ತೆಗೆದು ತೋರಿಸಿದ್ದರಂತೆ. ಮರಿಗಳು ಒಣಗಿ ಪುಕ್ಕ ಬಿಡಿಸುವವರೆಗೆ ಒಳಗೇ ಇರಲಿ. ಹೊಟ್ಟೆಯ ಭಂಡಾರ ಎರಡು ದಿನಕ್ಕೆ ಸಾಕಾಗುತ್ತದೆ. ಕೆಳಗೆ ನುಣುಪಾದ ಕಾಗದ, ಅಡಿಕೆ ಹಾಳೆ ಹಾಸಿದರೆ ಎಳೆಮರಿಯ ಕಾಲು ಜಾರಿ ಅಗಲವಾಗುತ್ತದೆ, ಗೋಣಿಯ ತುಂಡು ಒಳ್ಳೆಯದು.

ಎರಡನೆಯ ಸಲ, ಮೂರನೆಯ ಸಲ

ಏಪ್ರಿಲಿನಲ್ಲಿ ಅಪ್ಪ ಒಂದೇ ವಾರದ 20 ಮೊಟ್ಟೆ ಮಾತ್ರ ತಂದರು. ಅವನ್ನು ಒಂದು ದಿನ ವಿಶ್ರಾಂತಿಗೆ ನಿಲ್ಲಿಸಿದರು. ಮಗ ನಿಯಂತ್ರಕವನ್ನು 0.8 ಡಿಗ್ರಿ ಮೇಲಕ್ಕೆ ತಿದ್ದಿ, ಲೋಟದ ಬದಲು ಅಗಲ ತಟ್ಟೆಯಲ್ಲಿ ನೀರಿಟ್ಟ. ಸೊಸೆ ಅಡಿಗೆಮನೆಯ ತಕ್ಕಡಿಯಲ್ಲಿ ಆರು ದಿನಕ್ಕೊಮ್ಮೆ ತೂಗಿ ಬರೆದಿಟ್ಟರು. ಮೂರು ತಿಳಿ, ಒಂದು ರಕ್ತದ ಉಂಗುರ, ಕೊನೆಯಲ್ಲಿ ಸತ್ತವು ಎರಡು, ಮರಿಗಳು 14. ಫಲಿತವಾದ 17ರಲ್ಲಿ 14 ಎಂದರೆ ಶೇಕಡಾ 82. ಮನೆಯ ಪೆಟ್ಟಿಗೆಯಲ್ಲಿ ಫಲಿತ ಮೊಟ್ಟೆಯ ಶೇಕಡಾ 75, 80 ಮರಿಯಾದರೆ ತೃಪ್ತಿಪಡಬೇಕು. ನೂರಕ್ಕೆ ನೂರು ನಿರೀಕ್ಷಿಸಬಾರದು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಜುಲೈಯಲ್ಲಿ ಪೆಟ್ಟಿಗೆಯನ್ನು ಊರಿಗೆ ಒಯ್ದರು. ಅದೇ ಪೆಟ್ಟಿಗೆ, ಅದೇ ತಟ್ಟೆ, ಅಷ್ಟೇ ನೀರು. ಮಲೆನಾಡಿನ ಮಳೆ, ಚಳಿಯೆಂದು ಗಾಳಿಕಿಂಡಿಗೆ ಬಟ್ಟೆ ತುರುಕಿದರು. ಮರಿಗಳು ಬಂದದ್ದು ಅರ್ಧಕ್ಕಿಂತ ಕಡಮೆ. ಒಡೆದು ನೋಡಿದರೆ ಈ ಸಲ ಪೂರ್ತಿ ಬೆಳೆದ ಮರಿಗಳು ಊದಿಕೊಂಡು ನೀರಿನಲ್ಲಿ ಮುಳುಗಿದ್ದವು. ಮಾರ್ಚಿಯ ಬೆಂಗಳೂರಿನ ಒಣಗಾಳಿಗೆ ಹೊಂದಿಸಿದ ತಟ್ಟೆಯು ಜುಲೈಯ ಮಲೆನಾಡಿಗೆ ಅತಿಯಾಯಿತು. ಮೊಟ್ಟೆಗಳನ್ನು ತೂಗಿದ್ದರೆ ಆರನೇ ದಿನವೇ ತಿಳಿಯುತ್ತಿತ್ತು. ತಕ್ಕಡಿ ಹಿಡಿದಿದ್ದ ಸೊಸೆ ಆಗ ಕಾಡುಗೋಡಿಯಲ್ಲಿದ್ದರು. ಅಪ್ಪ ಈ ವಿಷಯವನ್ನು ನಗುತ್ತಲೇ ಹೇಳಿದರಾದರೂ, ಆ ಮೊಟ್ಟೆಗಳು ಇಡುವ ಹೊತ್ತಿಗೆ ಹಳೆಯ ಹುಂಜ ಸತ್ತು ಒಂದು ವಾರವಾಗಿತ್ತೆಂಬುದನ್ನು ನಗದೆ ಹೇಳಿದರು. ಹುಂಜದ ಕೊನೆಯ ಮೊಟ್ಟೆಗಳು ಅವು. ಪುಣ್ಯಕ್ಕೆ ಏಪ್ರಿಲಿನ 14ರಲ್ಲಿ ಐದು ಹುಂಜಗಳಿದ್ದವು. ಬಳಿ ಉಳಿಯಿತು.

ನೆನಪಿಗೆ ಒಂದು ಪಟ್ಟಿ

1. ತಿಳಿ ಮೊಟ್ಟೆ ಹೆಚ್ಚು: ಹುಂಜ ಸಾಲದು ಅಥವಾ ಮುದಿ, ಮೊಟ್ಟೆ ಹಳೆಯದು.
2. ರಕ್ತದ ಉಂಗುರ: ಮೊಟ್ಟೆ ಬಿಸಿಯಲ್ಲಿ ಕೂಡಿಟ್ಟದ್ದು, ಪ್ರಯಾಣದ ಪೆಟ್ಟು, ಮೊದಲ ದಿನಗಳಲ್ಲಿ ಬಿಸಿಯ ಏರಿಳಿತ.
3. ನಡುವಿನ ದಿನಗಳಲ್ಲಿ ಸಾವು: ತಾಯಿಕೋಳಿಯ ಆಹಾರದಲ್ಲಿ ಜೀವಸತ್ವಗಳ ಕೊರತೆ, ಹೊರಳಿಸದಿರುವುದು, ಕೊಳೆ.
4. ಕುಕ್ಕದೆ ಸತ್ತ ಪೂರ್ಣ ಮರಿ: ಬಿಸಿ ತಪ್ಪು, ಗಾಳಿ ಸಾಲದು, ತೇವ ಅತಿ.
5. ಕುಕ್ಕಿ ಅಂಟಿ ಸತ್ತದ್ದು: ತೇವ ಸಾಲದು, ಮುಚ್ಚಳ ತೆಗೆದದ್ದು.
6. ಬೇಗ ಬಂದ ಮರಿ: ಬಿಸಿ ಹೆಚ್ಚು. ತಡವಾದ ಮರಿ: ಬಿಸಿ ಕಡಮೆ ಅಥವಾ ಹಳೆ ಮೊಟ್ಟೆ.

ಒಂದು ಸಲಕ್ಕೆ ಎಲ್ಲವನ್ನೂ ಬದಲಾಯಿಸಲು ಹೋಗದೆ, ಒಡೆದ ಮೊಟ್ಟೆಗಳು ಹೇಳಿದ ದೋಷವನ್ನಷ್ಟೇ ತಿದ್ದಿ, ಪುಸ್ತಕದಲ್ಲಿ ಬರೆದಿಡುವುದು ಲೇಸು.

ಬೆಂಗಳೂರಿಗೆ ಹೋಗಿಬರುವ ಸದಸ್ಯರಿಗೆ ಇನ್ನೊಂದು ಸೂಚನೆ. ಪೀಣ್ಯ ದಾಟಿ ಹೋದರೆ ಸಿಗುವ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕುಕ್ಕುಟ ಅಭಿವೃದ್ಧಿ ಸಂಸ್ಥೆ ಇದೆ, ಕೋಳಿ ಸಾಕಣೆಯ ತರಬೇತಿ ಅಲ್ಲಿ ನಡೆಯುತ್ತದೆ. ಗಿರಿರಾಜ ಕೋಳಿಯನ್ನು ರೂಪಿಸಿದ್ದು ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ. ಆದರೆ ಗಿರಿರಾಜದಂತಹ ಸಂಕರ ಕೋಳಿಯ ಮೊಟ್ಟೆಯನ್ನು ಮನೆಯಲ್ಲಿ ಮರಿ ಮಾಡಿಸಿದರೆ ತಾಯಿಯ ಗುಣ ಹಾಗೆಯೇ ಇಳಿದು ಬರುವುದಿಲ್ಲ. ಮನೆಯ ಪೆಟ್ಟಿಗೆ ನಾಟಿ ಕೋಳಿಗೇ ಸರಿ.

ಕಡೆಯದಾಗಿ, ಈ ಎಲ್ಲ ಪಾಡಿಗೆ ಮೂಲ ಕೊಕ್ಕರೆ ರೋಗವೆಂಬುದನ್ನು ಮರೆಯಬಾರದು. ಮರಿಗೆ ಒಂದು ವಾರದೊಳಗೆ ಮೊದಲ ಲಸಿಕೆ, ಆರರಿಂದ ಎಂಟು ವಾರಕ್ಕೆ ಚುಚ್ಚುಮದ್ದು ಹಾಕಿಸಬೇಕು. ನಿಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ನಾಲ್ಕೈದು ಮನೆಯವರು ಸೇರಿ ಒಂದೇ ದಿನ ಹಾಕಿಸಿದರೆ ಲಸಿಕೆಯ ಸೀಸೆ ವ್ಯರ್ಥವಾಗುವುದಿಲ್ಲ. ಹೆಸರು ಬರೆಸಲು ಇಚ್ಛಿಸುವವರು ಕಚೇರಿಯ ವೇಳೆಯಲ್ಲಿ ನಮ್ಮನ್ನು ಕಾಣಬಹುದು. ಮರಿಯಾಗದ ಮೊಟ್ಟೆಗಳನ್ನು ಮಾತ್ರ ದಯವಿಟ್ಟು ಕಚೇರಿಗೆ ತರಬೇಡಿ. ಮನೆಯಲ್ಲೇ ಒಡೆದು ನೋಡಿ, ಲೆಕ್ಕವನ್ನು ಚೀಟಿಯಲ್ಲಿ ಬರೆದು ತನ್ನಿ.

ಕಾರ್ಯದರ್ಶಿ